ಪುಟ್ಟಮ್ಮನ ಮಡಿಲಕ್ಕಿ

ದೊಡ್ಡಪ್ಪ ಕೊಪ್ಪದ ನನ್ನ ಅಂಗಡಿಗೆ ಬಂದು, ಕಲ್ಲಿನಲ್ಲಿ ಕೆತ್ತಿಸಬೇಕಾದ ಒಂದು ಸಾಲನ್ನು ಮೇಜಿನ ಮೇಲೆ ಇಟ್ಟ ದಿನವೇ ನಾನು ಆಗಲ್ಲ ಅಂದುಬಿಡಬೇಕಿತ್ತು. ಅನ್ನಲಿಲ್ಲ. ತವರುಮನೆಯ ಕೆಲಸ, ಅದೂ ದೊಡ್ಡಪ್ಪನೇ ಹಿರೇಕೊಡಿಗೆಯಿಂದ ಬಂದು ಎದುರಿಗೆ ಕೂತಿದ್ದಾರೆ, ಹೇಗೆ ಬೇಡ ಅನ್ನೋದು?

ನನ್ನದು ಟೈಪಿಂಗ್, ಮದುವೆ ಕಾಗದ, ಬ್ಯಾನರಿನ ಅಂಗಡಿ. ಈಚೆಗೆ ಮನೆತನಗಳ ವಂಶಾವಳಿ ಪುಸ್ತಕವೂ ಮಾಡಿಕೊಡುತ್ತೇನೆ. ಒಂದು ಮನೆಯವರು ಮಾಡಿಸಿದರೆ ಸಾಕು, ಪಕ್ಕದ ಮನೆಯವರಿಗೆ ನಿದ್ದೆ ಬರಲ್ಲ. ಈ ಕೆಲಸದಲ್ಲಿ ನನಗೆ ಮೈ ಉರಿಸುವ ಸಂಗತಿ ಒಂದೇ. ಗಂಡಸರು ಏಳು ತಲೆಮಾರಿನ ಹೆಸರನ್ನು ಉಸಿರು ಬಿಡದೆ ಹೇಳುತ್ತಾರೆ. ಅವರನ್ನೆಲ್ಲ ಹೆತ್ತವರು ಯಾರು ಅಂದರೆ ಹೆಂಡತಿಯ ಮುಖ ನೋಡುತ್ತಾರೆ.

ದೊಡ್ಡಪ್ಪ ತಂದ ಸಾಲು ಇದು: 'ಗಂಡನ ಚಿತೆಯೇರಿ ಮಾಸ್ತಿಯಾದ ನಮ್ಮ ಕುಲದ ಮಹಾತಾಯಿ ಇಲ್ಲಿ ನೆಲೆಸಿರುವಳು.' ನಮ್ಮ ಗದ್ದೆಯ ತಲೆಯಲ್ಲಿ, ಒಂದು ಹಳೇ ಹಲಸಿನ ಮರದ ಬುಡದಲ್ಲಿ ಮಾಸ್ತಿಯಮ್ಮನ ಕಲ್ಲಿದೆ. ಚಿಕ್ಕಂದಿನಿಂದ ನಾವೆಲ್ಲ ಅದಕ್ಕೆ ಕೈ ಮುಗಿದವರೇ. ದೊಡ್ಡಪ್ಪನ ಮುತ್ತಜ್ಜ ಇನ್ನೂ ಪುಟ್ಟ ಮಗು ಇದ್ದಾಗ ಅವನ ಅಪ್ಪ ಜ್ವರದಲ್ಲಿ ಸತ್ತ, ಅಮ್ಮ ಚಿತೆಗೆ ಹಾರಿದಳು, ಆ ಮಗುವಿನಿಂದ ಮನೆತನ ಬೆಳೆಯಿತು. ಇದು ನಮಗೆ ಹೇಳಿದ ಕಥೆ. ಈಗ ದೊಡ್ಡಪ್ಪ ಆ ಕಲ್ಲಿಗೆ ಗುಡಿ ಕಟ್ಟಿಸುತ್ತಿದ್ದರು. ಪ್ರತಿಷ್ಠೆಯ ದಿನ ಹಂಚಲು ವಂಶಾವಳಿ ಪುಸ್ತಕ, ಗೋಡೆಗೆ ಈ ಬರಹದ ಕಲ್ಲು. ಎರಡರ ಒಕ್ಕಣೆಯೂ ನನ್ನದು.

"ಹೆಸರೆಂತ ದೊಡ್ಡಪ್ಪ, ಅಜ್ಜಿದು?" ಅಂದೆ.

"ಹೆಸರೆಂತಕ್ಕೆ? ಮಾಸ್ತಿಯಮ್ಮ ಅಂದ್ರೆ ಸಾಲದಾ?"

"ನಿಮ್ಮಪ್ಪಂದು, ನಿಮ್ಮಜ್ಜಂದು, ಅವರ ಎತ್ತಿಂದು ಸಮೇತ ಹೆಸರು ಹೇಳ್ತೀರಿ. ಸುಟ್ಟುಕೊಂಡು ದೇವರಾದವಳಿಗೆ ಹೆಸರಿಲ್ವಾ?"

"ಬೇಕಾದ್ರೆ ನೀನೇ ಹುಡುಕ್ಕೋ ಮಾರಾಯ್ತಿ. ಪುಸ್ತಕ ಮಾತ್ರ ಟೈಮಿಗೆ ಸರಿಯಾಗಿ ಬೇಕು," ಅಂದು ಕೊಡೆ ಹಿಡಿದು ಹೊರಟರು. ಹುಡುಕು ಅಂದದ್ದು ಅವರೇ. ಇದನ್ನು ಆಮೇಲೆ ನಾನು ಅವರಿಗೆ ಬಹಳ ಸಲ ನೆನಪಿಸಬೇಕಾಯಿತು.

ಮೊದಲು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆ. ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ನಮ್ಮ ಸರ್ವೆ ನಂಬರಿನ ಹಳೇ ಪುಸ್ತಕ ತೆಗೆಸಿದೆ. ಧೂಳಿಗೆ ಸೀನಿ ಸೀನಿ ಮೂಗು ಕಿತ್ತು ಬಂತು. ಅದರಲ್ಲಿ ಇವನು ಅವನ ಮಗ, ಅವನು ಇನ್ನೊಬ್ಬನ ಮಗ. ಹೆಂಗಸು ಅಂತ ಕಂಡರೆ ಗಂಡ ಸತ್ತು, ಮಕ್ಕಳಿಲ್ಲದೆ, ಜಮೀನು ಬೇರೆ ಯಾರಿಗೂ ಹೋಗಲು ದಾರಿಯಿಲ್ಲದೆ ಕೂತವಳು ಮಾತ್ರ. ಗುಮಾಸ್ತರು ಪಾಪ ಒಳ್ಳೆಯವರು. "ಹೆಂಗಸರನ್ನ ಇಲ್ಲಿ ಹುಡುಕಿದ್ರೆ ಸಿಗಲ್ಲ ಮೇಡಂ," ಅಂದರು. ಅದು ನನಗೂ ಗೊತ್ತಿದ್ದದ್ದೇ. ಆದರೂ ಅಷ್ಟು ದಪ್ಪದ ಪುಸ್ತಕಗಳಲ್ಲಿ ಒಬ್ಬಳಿಗೂ ಜಾಗ ಸಿಗದೆ ಹೋದದ್ದು ಕಂಡು ಹೊಟ್ಟೆ ಉರಿಯಿತು.

ಹಿರೇಕೊಡಿಗೆಗೆ ಹೋಗಿ ಕಲ್ಲನ್ನಾದರೂ ಸರಿಯಾಗಿ ನೋಡೋಣ ಅಂದುಕೊಂಡೆ. ಮಾಸ್ತಿಕಲ್ಲು ಅಂದರೆ ಅದಕ್ಕೊಂದು ರೀತಿಯಿದೆ. ಬಳೆ ತೊಟ್ಟ ಒಂದು ತೋಳು ಮೇಲೆತ್ತಿರುತ್ತದೆ, ಮೇಲೆ ಸೂರ್ಯ ಚಂದ್ರ ಇರುತ್ತಾರೆ. ನಮ್ಮ ಕಲ್ಲಿನ ಮೇಲೆ ಎಣ್ಣೆ, ಅರಿಶಿನ, ಕುಂಕುಮ ಬೆರಳು ದಪ್ಪ ಕೂತಿತ್ತು. ದೊಡ್ಡಮ್ಮನ ಒಪ್ಪಿಗೆ ಕೇಳಿ, ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕಿದೆ. ತೋಳೂ ಇಲ್ಲ, ಬಳೆಯೂ ಇಲ್ಲ. ನೆತ್ತಿಯ ಮೇಲೆ ಒಂದರ ಮೇಲೊಂದು ಅಡ್ಡ ಹಾಯ್ದ ಎರಡು ಗೀರು.

"ಅದೇ ಸೂರ್ಯ ಚಂದ್ರ," ಅಂದರು ದೊಡ್ಡಪ್ಪ, ಜಗಲಿಯಿಂದಲೇ.

ಸೂರ್ಯ ಚಂದ್ರ ಎಂಥದು! ಜಮೀನಿನ ಹದ್ದಿಗೆ ಸರ್ವೆಯವರು ನೆಟ್ಟ ಬಾಂದು ಕಲ್ಲು ಅದು. ಅಂಥದ್ದೇ ಕಲ್ಲು ಗದ್ದೆಯ ಆಚೆ ಮೂಲೆಯಲ್ಲೂ ಇದೆ, ಅದರ ಮೇಲೆ ನಮ್ಮ ಆಳುಗಳು ಕತ್ತಿ ಮಸೆಯುತ್ತಾರೆ. ಇರಲಿ, ಬಾಂದು ಕಲ್ಲನ್ನೇ ಯಾರೋ ಭಕ್ತಿಯಿಂದ ಪೂಜೆಗೆ ಇಟ್ಟುಕೊಂಡಿರಬಹುದು, ಅಷ್ಟಕ್ಕೇ ಮಾಸ್ತಿ ಸುಳ್ಳು ಅನ್ನಲಾಗದು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ನೆಟ್ಟಿತು.

ನನ್ನದೊಂದು ಕ್ರಮವಿದೆ. ಗಂಡಸರ ಹತ್ತಿರ ಕೇಳಬೇಕಾದ್ದೆಲ್ಲ ಮುಗಿದ ಮೇಲೆ ಅಡಿಗೆಮನೆಗೆ ಹೋಗಿ ಕೂರುತ್ತೇನೆ. ಹೆಸರು ಕೇಳುವುದಿಲ್ಲ. ಯಾವ ಮನೆಗೆ ಬಾಗಿನ ಹೋಗುತ್ತದೆ, ಯಾವ ಮನೆಯಿಂದ ಬರುತ್ತದೆ, ಯಾರ ಸಾವಿಗೆ ನಾವು ಮೈಲಿಗೆ ಹಿಡಿಯುತ್ತೇವೆ, ಯಾವ ಮನೆಯಿಂದ ಹೆಣ್ಣು ತರುವುದಿಲ್ಲ ಅಂತ ಕೇಳುತ್ತೇನೆ. ಹೆಂಗಸರು ಹೆಸರು ಮರೆತರೂ ಈ ಲೆಕ್ಕ ಮರೆಯುವುದಿಲ್ಲ.

ದೊಡ್ಡಮ್ಮ ಗೆಣಸು ಹೆಚ್ಚುತ್ತ ಯೋಚನೆ ಮಾಡಿದರು. "ಶೃಂಗೇರಿ ಆಚೆ ಒಂದು ಮನೆ ಉಂಟು ಕಣೆ. ಒಳ್ಳೇ ಕುಳ. ಆದ್ರೆ ಅಲ್ಲಿಂದ ನಮಗೆ ಹೆಣ್ಣು ತರೋದಿಲ್ಲ, ಕೊಡೋದೂ ಇಲ್ಲ. ನಮ್ಮತ್ತೆ ಕಾಲದಲ್ಲಿ ಒಂದು ಮಾತು ಬಂದಿತ್ತು, ಮಾವ ಕೆಂಡ ಮೆಟ್ಟಿದ ಹಂಗೆ ಎಗರಾಡಿದ್ರಂತೆ."

"ಎಂತಕ್ಕೆ?"

"ನಂಗೇನು ಗೊತ್ತು. ಆ ಮನೆ ಸುದ್ದಿ ಬೇಡ ಅಂದ್ರಂತೆ, ಅಷ್ಟೇ."

ದೇವರಾದ ಹೆಣ್ಣನ್ನು ಕೊಟ್ಟ ಮನೆಯಾಗಿದ್ದರೆ ಆ ಮನೆಯವರನ್ನು ತಲೆ ಮೇಲೆ ಕೂರಿಸಿಕೊಳ್ಳಬೇಕಿತ್ತು. ಸುದ್ದಿಯೇ ಬೇಡ ಅಂದರೆ ಏನೋ ಇದೆ. ಮಾರನೇ ವಾರ ಶೃಂಗೇರಿಯ ಬಸ್ಸು ಹತ್ತಿದೆ.

ಗೌರಿ ಹಬ್ಬದ ಹಿಂದಿನ ವಾರ ಅದು. ಬಸ್ಸಿನ ತುಂಬ ಯಾತ್ರಿಕರು, ಅವರ ಬ್ಯಾಗು. ಪೇಟೆಯಲ್ಲಿಳಿದು, ತುಂಗೆ ದಾಟಿ, ಆಟೋ ಹಿಡಿದು ಆ ಮನೆಗೆ ಹೋದರೆ ಜಗಲಿಯಲ್ಲಿ ತೊಂಬತ್ತರ ಹತ್ತಿರದ ಅಜ್ಜಿ ಅಕ್ಕಿ ಅಳೆಯುತ್ತ ಕೂತಿದ್ದರು. ನನ್ನ ಊರು ಕೇಳಿದರು. ಹಿರೇಕೊಡಿಗೆ ಅಂದೆ. ಅವರ ಮುಖದಲ್ಲಿ ಏನೂ ಆಗಲಿಲ್ಲ. ಜಗಳವನ್ನು ನೆನಪಿಟ್ಟುಕೊಂಡವರು ನಮ್ಮ ಮನೆಯವರು ಮಾತ್ರ ಅನ್ನಿಸುತ್ತದೆ.

ಅವರು ಅಳೆಯುತ್ತಿದ್ದದ್ದು ಮಡಿಲಕ್ಕಿಗೆ. ತವರಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ವೀಳ್ಯ ಹಾಕುವುದು ಎಲ್ಲ ಕಡೆ ಇದೆ. ಈ ಮನೆಯಲ್ಲಿ ಇನ್ನೂ ಒಂದು ಪದ್ಧತಿ. ಮಗಳು ಸತ್ತ ಮೇಲೂ, ಅವಳು ಸೇರಿದ ಮನೆಗೆ ವರ್ಷಕ್ಕೊಮ್ಮೆ ಗೌರಿ ಹಬ್ಬ ಮುಗಿದ ಮೇಲೆ ಮಡಿಲಕ್ಕಿ ಹೋಗುತ್ತದೆ. ಆ ಮನೆಯಲ್ಲಿ ಅವಳ ಕುಡಿ ಇರುವವರೆಗೂ ಹೋಗಬೇಕು.

ಅಜ್ಜಿಯ ಮುಂದೆ ನಾಲ್ಕು ಬಟ್ಟೆ ಗಂಟಿದ್ದವು. ಒಂದೊಂದನ್ನೇ ಮುಟ್ಟಿ ಹೇಳಿದರು. ಇದು ನನ್ನ ನಾದಿನಿದು, ಇದು ಮಾವನ ತಂಗಿದು, ಇದು ಮಾವನ ಅಕ್ಕಂದು. ನಾಲ್ಕನೆಯದನ್ನು ಮುಟ್ಟಿ, "ಇದು ಪುಟ್ಟಮ್ಮನ ಮಡಿಲಕ್ಕಿ. ಸೀತೂರಿಗೆ," ಅಂದರು.

"ಪುಟ್ಟಮ್ಮ ಯಾರು ಅಜ್ಜಿ?"

"ಯಾರಿಗೆ ಗೊತ್ತು ಮಗ? ನಾನು ಸೊಸೆಯಾಗಿ ಬಂದಾಗ ನಮ್ಮತ್ತೆ ಕಲ್ಸಿದ್ದು. ಎಲ್ಲಕ್ಕಿಂತ ಹಳೇದು ಇದೇ. ಮೊದ್ಲು ಇದನ್ನೇ ಕಟ್ಟಬೇಕು."

"ಈ ಮನೆಯಿಂದ ಹಿರೇಕೊಡಿಗೆಗೆ ಹೆಣ್ಣು ಕೊಟ್ಟಿದ್ದು ಉಂಟಾ?"

"ಕೊಟ್ಟಿದ್ರಂತೆ, ಹಿಂದೆ ಯಾವತ್ತೋ. ಅಲ್ಲಿಗೆ ಮಡಿಲಕ್ಕಿ ಇಲ್ಲ."

ಇಲ್ಲಿ ನಾನು ಮಾಡಿದ್ದು ಶುದ್ಧ ಎಡವಟ್ಟು. ಮಡಿಲಕ್ಕಿಯ ಲೆಕ್ಕದಲ್ಲಿ ಒಬ್ಬ ಮಗಳಿಗೆ ಒಂದು ಮನೆ, ಹುಟ್ಟಿದಾಗಿನಿಂದ ಕೇಳಿದ್ದು ಅದು. ಆದ್ದರಿಂದ ಇಬ್ಬರು ಅಕ್ಕತಂಗಿಯರು ಅಂದುಕೊಂಡೆ. ಅಕ್ಕನನ್ನು ಹಿರೇಕೊಡಿಗೆಗೆ ಕೊಟ್ಟರು, ಅವಳು ಚಿತೆಯೇರಿದಳು, ಆ ಸಂಕಟಕ್ಕೆ ತವರಿನವರು ನಮ್ಮ ಮನೆಯ ಜೊತೆ ಮಾತು ಬಿಟ್ಟರು. ತಂಗಿ ಪುಟ್ಟಮ್ಮ ಸೀತೂರಿಗೆ ಹೋದಳು. ಎಷ್ಟು ಚೆಂದ ಕೂತಿತು! ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಎರಡು ಚೌಕ ಹಾಕಿ, ಒಂದರಲ್ಲಿ ಪುಟ್ಟಮ್ಮ ಅಂತ ಬರೆದು, ಇನ್ನೊಂದನ್ನು ಹೆಸರಿಲ್ಲದೆ ಬಿಟ್ಟು ಪುಟದ ಪ್ರೂಫ್ ತೆಗೆದೆ. ಅಕ್ಕನ ಹೆಸರು ಸೀತೂರಿನವರಿಗೆ ಗೊತ್ತಿರಬಹುದು, ಕೇಳಿದರೆ ಪುಸ್ತಕ ಮುಗಿಯಿತು.

ಹಬ್ಬ ಕಳೆದ ಮೇಲೆ ಶೃಂಗೇರಿ ಅಜ್ಜಿಯ ಮನೆಗೆ ಫೋನು ಮಾಡಿ, ಈ ಸಲದ ಸೀತೂರಿನ ಗಂಟನ್ನು ನಾನೇ ಮುಟ್ಟಿಸುತ್ತೇನೆ ಅಂದೆ. ಅವರಿಗೂ ಅನುಕೂಲವಾಯಿತು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಪ್ಪಕ್ಕೆ ಕಳಿಸಿಕೊಟ್ಟರು. ನಾನು ಗಂಟು ತೊಡೆಯ ಮೇಲಿಟ್ಟುಕೊಂಡು ನರಸಿಂಹರಾಜಪುರದ ಬಸ್ಸು ಹತ್ತಿದೆ.

ಸೀತೂರಿನ ಆ ಮನೆ ನಡೆಸುತ್ತಿರುವುದು ಒಬ್ಬ ಹೆಂಗಸು. ಎಂಬತ್ತರ ಹತ್ತಿರ, ನೆಟ್ಟಗೆ ನಡೆಯುತ್ತಾರೆ, ಗಟ್ಟಿ ಗಂಟಲು. ಅಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಗಂಡನನ್ನು ಮನೆಅಳಿಯ ಮಾಡಿಕೊಂಡು ಹುಟ್ಟಿದ ಮನೆಯಲ್ಲೇ ಉಳಿದವರು. ಅವರನ್ನು ಸೀತೂರಮ್ಮ ಅಂತಲೇ ಕರೆಯುತ್ತೇನೆ. ನರಸಿಂಹರಾಜಪುರವನ್ನು ಅವರು ಈಗಲೂ ಎಡೇಹಳ್ಳಿ ಅನ್ನುತ್ತಾರೆ.

ಗಂಟು ಇಸಿದುಕೊಂಡು ಒಳಗಿಡುತ್ತಾರೆ ಅಂದುಕೊಂಡರೆ, ಅವರು ಸೀದಾ ಅಡಿಗೆಮನೆ ಹಾದು ಹಿತ್ತಲಿಗೆ ನಡೆದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೆಗಣಿ ಸಾರಿಸಿದ ಒಂದು ಚೌಕ. ಅಲ್ಲಿ ಬಾಳೆಲೆ ಹಾಸಿ ಗಂಟು ಬಿಚ್ಚಿದರು.

"ಇಲ್ಲೆಂತಕ್ಕೆ ಇಡ್ತೀರಿ?"

"ಇದು ಹಿತ್ತಲಜ್ಜಿದು. ಹಿರಿಯರಿಗೆ ಎಡೆ ಹಾಕುವಾಗಲೂ ಅವಳದ್ದು ಇಲ್ಲೇ. ಒಳಗೆ ತರೋ ಹಂಗಿಲ್ಲ."

"ಯಾಕೆ?"

ಸೀತೂರಮ್ಮ ಬೆಲ್ಲವನ್ನು ಎಲೆಯ ಮೇಲಿಟ್ಟರು. "ಸೀರುಡಿಕೆ ಅಜ್ಜಿ ಅಲ್ವಾ."

ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಕೊಟ್ಟು ಮನೆಗೆ ಕರಕೊಂಡು ಬರುವುದು ಸೀರುಡಿಕೆ. ನಮ್ಮಲ್ಲಿ ಹಿಂದೆ ಇತ್ತು. ಚಪ್ಪರವಿಲ್ಲ, ವಾಲಗವಿಲ್ಲ, ಕತ್ತಲಾದ ಮೇಲೆ ಕರಕೊಂಡು ಬರುವುದು. ಬಂದವಳು ಹೊಲ ಗೇಯಬಹುದು, ಮಕ್ಕಳನ್ನು ಹೆರಬಹುದು, ದೇವರ ಮುಂದೆ ಮಾತ್ರ ನಿಲ್ಲುವಂತಿಲ್ಲ. ಅವಳ ಮಕ್ಕಳು ಮೊಮ್ಮಕ್ಕಳನ್ನು ಸೀರುಡಿಕೆ ಸಾಲು ಅಂತ ಬೇರೆ ಇಡುತ್ತಿದ್ದರು.

ನನ್ನ ಎರಡು ಚೌಕ ಅಲ್ಲೇ ಅಲುಗಾಡಿತು. "ಮೊದಲ ಗಂಡ ಎಲ್ಲಿಯವನು ಅಂತ ಗೊತ್ತಾ ಅಮ್ಮ?"

"ಕೊಪ್ಪದ ಕಡೆ. ಅಲ್ಲೊಂದು ಗಂಡು ಮಗ ಬಿಟ್ಟು ಬಂದಿದ್ಲು. ಬಿಟ್ಟು ಬಂದಿದ್ಲು ಅನ್ನೋದು ಸುಳ್ಳು. ಕಳಿಸ್ಲಿಲ್ಲ ಅವರು. ಹೋಗೋದಾದ್ರೆ ನೀನು ಹೋಗು, ಗಂಡು ಹುಡುಗ ಮನೆಯದ್ದು ಅಂದ್ರಂತೆ."

"ಯಾಕೆ ಹೊರಡಬೇಕಾಯ್ತು?"

"ಮೈದುನರು ಇರೋಕೆ ಬಿಟ್ರೆ ತಾನೇ? ಉಣ್ಣೋ ಬಾಯಿ, ಮೇಲಿಂದ ಪ್ರಾಯದೋಳು. ತವರಿನವರೇ ಬಂದು ಕರಕೊಂಡು ಹೋಗಿ, ಆಮೇಲೆ ಇಲ್ಲಿಗೆ ಸೀರುಡಿಕೆ ಮಾಡಿದ್ರು. ನನಗೆ ಹೆಂಗೆ ಗೊತ್ತು ಅಂತೀಯಾ? ನಮ್ಮಜ್ಜಿ ಅವಳ ಸೊಸೆ. ಒಂದೇ ಒಲೆ ಮುಂದೆ ಕೂತು ಬೇಯಿಸಿದೋರು."

ಪುಟ್ಟಮ್ಮನ ಸೊಸೆಯಿಂದ ಆ ಸೊಸೆಯ ಮೊಮ್ಮಗಳಿಗೆ, ಅವರಿಂದ ನನಗೆ. ಇಷ್ಟು ಹತ್ತಿರದ ಬಾಯಿಮಾತು ನನಗೆ ಇನ್ಯಾವ ಮನೆಯಲ್ಲೂ ಸಿಕ್ಕಿಲ್ಲ. ಆದರೂ ಕೊಪ್ಪದ ಕಡೆ ಅಂದರೆ ಹಿರೇಕೊಡಿಗೆಯೇ ಆಗಬೇಕು ಅಂತಿಲ್ಲವಲ್ಲ ಅಂತ ಪಟ್ಟು ಹಿಡಿದು ಕೇಳಿದೆ. ಊರಿನ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಇನ್ನೊಂದು ಹೇಳಿದರು.

"ಅವಳು ಕೊಪ್ಪದ ಸಂತೆಗೆ ಹೋಗೋಳಂತೆ. ಎಡೇಹಳ್ಳಿ ಸಂತೆ ಇಲ್ಲೇ ಇರುವಾಗ ಅಷ್ಟು ದೂರ ನಡಕೊಂಡು. ಹೋದ್ರೆ ಒಂದು ಹಿಡಿ ಉಪ್ಪೂ ತರ್ತಿರ್ಲಿಲ್ಲ. ನಮ್ಮಜ್ಜಿ ಕೇಳಿದ್ದಕ್ಕೆ, ಅಲ್ಲಿಗೊಬ್ಬ ಹುಡುಗ ಚಿಕ್ಕಪ್ಪನ ಜೊತೆ ಬರ್ತಿದ್ದ, ಅವನನ್ನ ನೋಡೋಕೆ ಹೋಗ್ತಿದ್ದೆ ಅಂದ್ಲಂತೆ."

ನಾನು ಒಗೆಯುವ ಕಲ್ಲಿನ ಮೇಲೇ ಕೂತುಬಿಟ್ಟೆ. ಅಳು ಬಂತು, ಅದರ ಹಿಂದೆಯೇ ಕೆಟ್ಟ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಆ ಮಗುವಿಗೆ ಏನು ಹೇಳಿದ್ದರು? ನಿನ್ನಮ್ಮ ಬೆಂಕಿಗೆ ಹಾರಿ ದೇವರಾದಳು ಅಂತ. ಒಂದು ಬಾಂದು ಕಲ್ಲು ತೋರಿಸಿ ಅದಕ್ಕೆ ನಮಸ್ಕಾರ ಮಾಡಿಸಿದ್ದರು. ಅವಳು ಒಂದು ಹಗಲು ನಡೆದರೆ ಸಿಗುವಷ್ಟು ದೂರದಲ್ಲಿ ಭತ್ತ ಕುಟ್ಟುತ್ತಿದ್ದಳು.

ಸೀತೂರಮ್ಮ ಕಾಫಿ ತಂದುಕೊಟ್ಟರು. "ನೀನು ಅಳೋದೆಂತಕ್ಕೆ? ಸೀರುಡಿಕೆ ಸಾಲು ಅಂತ ನನ್ನ ತಂಗಿ ಮದುವೆ ಮಾತು ಎರಡು ಸಲ ಮುರಿದಿದೆ. ಅವಳು ಹಂಗೇ ಉಳಿದ್ಲು, ಹಂಗೇ ಸತ್ಲು. ನಾವೇ ಅತ್ತಿಲ್ಲ," ಅಂದರು.

ಸಿಟ್ಟು ಬಂತು ಅಂತ ಬರೆದುಬಿಡಲಾಗದು. ಖಾತ್ರಿ ಮಾಡಿಕೊಳ್ಳಬೇಕು. ಮತ್ತೆ ಶೃಂಗೇರಿ ಅಜ್ಜಿಯ ಹತ್ತಿರ ಹೋದೆ. ಈ ಸಲ ಪ್ರಶ್ನೆ ಬೇರೆ. "ಅಜ್ಜಿ, ಹಿರೇಕೊಡಿಗೆಗೆ ಕೊಟ್ಟ ನಿಮ್ಮನೆ ಹುಡುಗಿ ಮಾಸ್ತಿ ಆದ್ಲಂತಲ್ಲ, ಅವಳಿಗೆ ಇಲ್ಲಿ ಪೂಜೆ ಉಂಟಾ?"

ಅಜ್ಜಿ ನಕ್ಕರು. "ಯಾರು ಹೇಳಿದ್ದು? ನಮ್ಮನೆ ಮಗಳು ಮಾಸ್ತಿ ಆಗಿದ್ರೆ ನಾವು ಬಿಡ್ತಿದ್ವಾ? ಮನೆ ದೇವರ ಪಕ್ಕ ಕೂರಿಸ್ತಿದ್ವಿ. ಊರಿಗೆಲ್ಲ ಊಟ ಹಾಕ್ತಿದ್ವಿ. ಅಂಥದ್ದು ಈ ಮನೇಲಿ ಕೇಳಿದ್ದೇ ಇಲ್ಲ."

"ಪುಟ್ಟಮ್ಮನಿಗೆ ಅಕ್ಕತಂಗಿ ಇದ್ರಾ?"

"ಇದ್ದಿದ್ರೆ ಇನ್ನೊಂದು ಗಂಟು ಇರ್ತಿತ್ತಲ್ಲ. ಆ ಕಾಲದ್ದು ಒಂದೇ."

ಒಬ್ಬಳೇ ಮಗಳು, ಎರಡು ಮನೆ. ಮೊದಲ ಮನೆ ಹೊರಗೆ ಹಾಕಿತು, ಎರಡನೇ ಮನೆ ಹಿತ್ತಲಲ್ಲಿ ಇಟ್ಟಿತು. ತವರು ಮಾತ್ರ ಅವಳು ಎಲ್ಲಿಗೆ ಹೋದಳೋ ಅಲ್ಲಿಗೆ ಅಕ್ಕಿ ಕಳಿಸುತ್ತ ಬಂತು, ಯಾಕೆ ಅಂತ ತಾನೇ ಮರೆತ ಮೇಲೂ ನಿಲ್ಲಿಸಲಿಲ್ಲ. ಅಜ್ಜಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು, "ಅದಕ್ಕೇ ನಮ್ಮತ್ತೆ ಮೊದ್ಲು ಇದನ್ನೇ ಕಟ್ಟು ಅಂದಿದ್ದು," ಅಂದರು.

ಅಂಗಡಿಗೆ ಬಂದು ಎರಡು ಚೌಕ ಅಳಿಸಿದೆ. ಒಂದೇ ಚೌಕ ಹಾಕಿ ಪುಟ್ಟಮ್ಮ ಅಂತ ಬರೆದೆ. ಅದರಿಂದ ಎರಡು ಗೆರೆ ಎಳೆದೆ, ಒಂದು ನಮ್ಮ ಕಡೆಗೆ, ಒಂದು ಸೀತೂರಿನ ಕಡೆಗೆ. ನಮ್ಮ ಪುಸ್ತಕಗಳ ಅಚ್ಚೇ ಗಂಡಸರನ್ನು ಇಟ್ಟು ಮಾಡಿದ್ದು, ಒಬ್ಬ ಹೆಂಗಸಿನಿಂದ ಎರಡು ಕಡೆ ಗೆರೆ ಹೋಗಲು ಅದರಲ್ಲಿ ದಾರಿಯೇ ಇಲ್ಲ. ಪುಟವನ್ನು ಅಡ್ಡ ತಿರುಗಿಸಿ ಹೊಸದಾಗಿ ಮಾಡಿದೆ. ಕೆಳಗೆ ನನಗೆ ಯಾರು ಏನು ಹೇಳಿದರು, ಯಾವುದು ಖಾತ್ರಿ, ಯಾವುದು ಊಹೆ ಅಂತ ಬೇರೆ ಬೇರೆ ಬರೆದೆ.

ದೊಡ್ಡಪ್ಪನನ್ನು ಅಂಗಡಿಗೇ ಕರೆಸಿ ಓದಲು ಕೊಟ್ಟೆ. ಕನ್ನಡಕ ಹಾಕಿ ಎರಡು ಸಲ ಓದಿದರು. ಮುಖ ಕಪ್ಪಿಟ್ಟಿತು.

"ನಮ್ಮಜ್ಜಿ ಇನ್ನೊಬ್ಬನ ಹಿಂದೆ ಹೋದೋಳು ಅಂತ ಊರಿಗೆಲ್ಲ ಹಂಚ್ಲಾ?"

"ಹಿಂದೆ ಹೋಗ್ಲಿಲ್ಲ. ನಮ್ಮ ಮನೆಯವರು ಓಡ್ಸಿದ್ರು. ಅದನ್ನೂ ಬರೆದಿದ್ದೀನಿ, ಸರಿಯಾಗಿ ಓದಿ."

"ದೇವರು ಅಂತ ಪೂಜೆ ಮಾಡ್ಕೊಂಡು ಬಂದಿದ್ದೀವಿ ಕಣೆ!"

"ಬದುಕಿದ್ದೋಳನ್ನ ಸುಟ್ಟು ಪೂಜೆ ಮಾಡಿದ್ದೀರಿ. ಗಂಡನ ಜೊತೆ ಸತ್ತಿದ್ರೆ ಗುಡಿ, ಮಗನಿಗೋಸ್ಕರ ಸಂತೆಗೆ ನಡೆದ್ರೆ ನಾಚಿಕೆ. ಇದೆಂಥ ನ್ಯಾಯ ದೊಡ್ಡಪ್ಪ?"

ಧ್ವನಿ ಜೋರಾಯಿತು. ಲಗ್ನಪತ್ರಿಕೆ ತೋರಿಸಲು ಬಂದವರು ಬಾಗಿಲಲ್ಲೇ ನಿಂತರು. ದೊಡ್ಡಪ್ಪ ಎದ್ದರು. "ಕಲ್ಲು ನಾನು ಬೇರೆ ಕಡೆ ಕೆತ್ತಿಸ್ತೀನಿ. ನಿನ್ನ ಪುಸ್ತಕ ನಂಗೆ ಬೇಡ," ಅಂದು ಪ್ರೂಫನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಎಸೆದು ಹೋದರು.

ನಾನು ಪುಸ್ತಕ ಅಚ್ಚು ಹಾಕಿಸಿದೆ. ಹಟಕ್ಕೇ ಹಾಕಿಸಿದೆ, ಸುಳ್ಳು ಯಾಕೆ ಹೇಳಲಿ.

ಪ್ರತಿಷ್ಠೆಗೆ ಒಂದು ವಾರ ಇರುವಾಗ ದೊಡ್ಡಮ್ಮ ಒಬ್ಬರೇ ಬಂದರು. ಪುಸ್ತಕದ ಕಂತೆ ನೋಡಿದರು, ಮುಟ್ಟಲಿಲ್ಲ. "ನಿನ್ನ ಮಾತು ಸುಳ್ಳು ಅಂತ ನಾನು ಹೇಳಲ್ಲ ಕಣೆ. ಆದ್ರೆ ಮೊಮ್ಮಗಳಿಗೆ ಸಂಬಂಧ ನೋಡ್ತಾ ಇದ್ದೀವಿ. ಗಂಡಿನ ಕಡೆಯವರೂ ಅವತ್ತು ಬರ್ತಾರೆ. ಸೀರುಡಿಕೆ ಸುದ್ದಿ ಎತ್ತಿ ಆ ಹುಡುಗಿ ಬಾಳಿಗೆ ಕಲ್ಲು ಹಾಕ್ತೀಯಾ? ಮದುವೆ ಆಗ್ಲಿ, ಆಮೇಲೆ ಏನಾದ್ರೂ ಮಾಡ್ಕೋ."

ಸೀತೂರಮ್ಮನ ತಂಗಿಯ ಸುದ್ದಿ ಕೇಳಿದ ಮೇಲೆ, ನಮ್ಮ ಹುಡುಗಿಯ ಮದುವೆ ನನ್ನಿಂದ ಮುರಿಯಿತು ಅನ್ನಿಸಿಕೊಳ್ಳುವ ಧೈರ್ಯ ನನಗೂ ಇರಲಿಲ್ಲ. ಅವತ್ತು ಹಂಚುವುದಿಲ್ಲ ಅಂತ ಮಾತು ಕೊಟ್ಟೆ. ಕೊಟ್ಟಮೇಲೆ ನನ್ನ ಮೇಲೇ ರೇಗಿತು. ಇದೇ ಭಯವನ್ನಲ್ಲವಾ ನಮ್ಮ ಮನೆಯವರು ಅಷ್ಟು ತಲೆಮಾರು ಹೊತ್ತು ತಂದದ್ದು?

ಸೀತೂರಮ್ಮನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಪುಸ್ತಕ ಇರ್ಲಿ ಬಿಡು. ನಾನು ಅಲ್ಲಿಗೆ ಬರಬಹುದಾ? ಆ ಮನೆ ನೋಡಬೇಕು ಒಂದ್ಸಲ," ಅಂದರು. ಬನ್ನಿ ಅಂದೆ. ದೊಡ್ಡಪ್ಪನಿಗೂ ಮೊದಲೇ ಹೇಳಿದೆ, ಕದ್ದುಮುಚ್ಚಿ ಮಾಡಲಿಲ್ಲ. ಸೀತೂರಿನಿಂದ ಯಾರು ಬರುತ್ತಾರೆ, ಅವರು ಪುಟ್ಟಮ್ಮನಿಗೆ ಏನಾಗಬೇಕು, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಫೋನಿಟ್ಟರು.

ಪ್ರತಿಷ್ಠೆಯ ದಿನ ಗದ್ದೆಯ ತಲೆಯಲ್ಲಿ ಶಾಮಿಯಾನ, ಕುರ್ಚಿ, ಜನ. ಬರಹದ ಕಲ್ಲು ಗೋಡೆಯಲ್ಲಿತ್ತು, ಚಿತೆಯೇರಿದ ಮಾತು ಸಮೇತ. ಪುಸ್ತಕದ ಎರಡು ಚೀಲ ನನ್ನ ಗಾಡಿಯಲ್ಲಿದ್ದವು. ಯಾಕೆ ತಂದೆ ಅಂದರೆ ಬಿಟ್ಟು ಬರಲು ಮನಸ್ಸಾಗಲಿಲ್ಲ ಅಷ್ಟೇ.

ಸೀತೂರಮ್ಮ ಹಸಿರು ಸೀರೆ ಉಟ್ಟು, ಒಬ್ಬರೇ ಬಸ್ಸಿನಲ್ಲಿ ಬಂದರು. ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ. ಮನೆಯನ್ನು ನೋಡಿದರು, ಅಂಗಳ ನೋಡಿದರು, ಜಗಲಿಯ ಕಂಬ ಮುಟ್ಟಿ ನೋಡಿದರು. ಆಮೇಲೆ ನಾನು ಅವರನ್ನು ದೊಡ್ಡಪ್ಪನ ಹತ್ತಿರ ಕರಕೊಂಡು ಹೋದೆ. ದೊಡ್ಡಪ್ಪ ಗಂಡಿನ ಕಡೆಯವರ ಜೊತೆ ನಿಂತಿದ್ದರು. ಸೀತೂರಮ್ಮ ಕೈ ಮುಗಿದರು. ಗಂಡಿನ ಕಡೆಯ ಹಿರಿಯರೊಬ್ಬರು ಮರ್ಯಾದೆಗೆ, "ಇವರು ಯಾರು, ನೆಂಟರಾ?" ಅಂದರು.

ದೊಡ್ಡಪ್ಪ ಸೀತೂರಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. "ಗೊತ್ತಿಲ್ಲ. ಯಾರೋ ಭಕ್ತರು ಇರಬೇಕು," ಅಂದರು.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾಗದು. ಅನ್ನುವ ಮೊದಲೇ ಸೀತೂರಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಬೈಬೇಡ," ಅಂದರು, ಅದೇ ಗಟ್ಟಿ ಗಂಟಲಲ್ಲಿ. "ನಿಂಗೊಂದು ಹೇಳಿರ್ಲಿಲ್ಲ ನಾನು. ಒಂದ್ಸಲ ಸಂತೆಲಿ ಹಿತ್ತಲಜ್ಜಿ ತಡಕೊಳ್ಳೋಕೆ ಆಗ್ದೆ ಹತ್ತಿರ ಹೋಗಿ ಆ ಹುಡುಗನ ಕೈಗೆ ಒಂದು ಅಚ್ಚು ಬೆಲ್ಲ ಕೊಟ್ಲಂತೆ. ದೂರದಿಂದಲೇ ಅವಳು ಯಾರು ಅಂತ ಚಿಕ್ಕಪ್ಪ ಕೇಳ್ದ. ಹುಡುಗ ಅವಳ ಮುಖ ನೋಡಿ ಗೊತ್ತಿಲ್ಲ ಅಂದ್ನಂತೆ. ಆಮೇಲೆ ಅವಳು ಸಂತೆಗೆ ಹೋಗ್ಲೇ ಇಲ್ಲ. ಆ ಮಗುಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

ಗಂಡಿನ ಕಡೆಯ ಹಿರಿಯರು ಯಾವ ಹುಡುಗ ಅಂದರು. ಸೆರಗು ಬಾಯಿಗೆ ಒತ್ತಿ ಹಿಡಿದು ಅಡಿಗೆ ಚಪ್ಪರದ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನ ಕಡೆ ನೋಡಿದೆ. ಅವರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ನಾನು ಗಾಡಿಯಿಂದ ಚೀಲ ತಂದೆ. ಮೊದಲ ಪುಸ್ತಕವನ್ನು ಪುಟ್ಟಮ್ಮನ ಪುಟ ತೆಗೆದು ದೊಡ್ಡಪ್ಪನ ಕೈಗೇ ಇಟ್ಟೆ. ಎರಡನೆಯದನ್ನು, ಯಾವ ಹುಡುಗ ಅಂತ ಕೇಳಿದವರಿಗೆ ಕೊಟ್ಟೆ.